ನಾಡನ್ನಳೆದ ದಂಡಾಳು

1799ರ ಶ್ರೀರಂಗಪಟ್ಟಣದ ಮುತ್ತಿಗೆಯೆಂದರೆ ನಿಮಗೆ ವೆಲ್ಲೆಸ್ಲಿ, ಬೇರ್ಡ್ ಇವರ ಹೆಸರು ನೆನಪಾಗಬಹುದು. ಅದೇ ಸೈನ್ಯದಲ್ಲಿದ್ದ ವಿಲಿಯಂ ಲ್ಯಾಂಬ್ಟನ್‌ನನ್ನು ನೆನೆಯುವವರು ಕಡಮೆ. ರಾತ್ರಿ ಪಡೆ ಸಾಗುತ್ತಿದ್ದಾಗ ನಕ್ಷತ್ರ ನೋಡಿ, ದಾರಿ ತಪ್ಪಿ ಟಿಪ್ಪುವಿನ ಪಾಳೆಯದತ್ತಲೇ ನಡೆದಿದ್ದೇವೆಂದು ಬೇರ್ಡನನ್ನು ಎಚ್ಚರಿಸಿದವನು ಈತನೇ.

ಯುದ್ಧ ಮುಗಿದ ಮೇಲೆ ಈತ ಹಿಡಿದದ್ದು ಭೂಮಾಪನ. 1802ರಲ್ಲಿ ಮದರಾಸಿನ ಬಳಿ ಮೂಲರೇಖೆಯೊಂದನ್ನು ಅಳೆದು, ಅದರಿಂದ ತ್ರಿಕೋನಕ್ಕೆ ತ್ರಿಕೋನ ಹೆಣೆಯುತ್ತ ಹೊರಟ. 1804ರಲ್ಲಿ ಬೆಂಗಳೂರಿನಲ್ಲೂ ಅಂಥದೊಂದು ರೇಖೆ ಅಳೆಯಲಾಯಿತು. ಕೋನ ನೋಡುವ ಥಿಯೊಡೊಲೈಟ್ ಯಂತ್ರದ ತೂಕವೋ, ಅರ್ಧ ಟನ್ನಿನಷ್ಟು! 1808ರಲ್ಲಿ ತಂಜಾವೂರಿನ ದೇವಾಲಯದ ಮೇಲಕ್ಕೆ ಅದನ್ನು ಎತ್ತುವಾಗ ಹಗ್ಗ ಹರಿದು, ಯಂತ್ರ ಗೋಡೆಗೆ ಬಡಿದು, ಚಕ್ರ ಸೊಟ್ಟಗಾಯಿತು. ಲ್ಯಾಂಬ್ಟನ್ ವಾರಗಟ್ಟಲೆ ಕುಳಿತು ಅದನ್ನು ನೆಟ್ಟಗೆ ಮಾಡಿದ. ಕದನದ ಸಾಹಸಕ್ಕಿಂತ ಈ ತಾಳ್ಮೆಯೇ ನನಗೆ ದೊಡ್ಡದಾಗಿ ಕಾಣುತ್ತದೆ. 1823ರಲ್ಲಿ, ಹೈದರಾಬಾದಿನಿಂದ ನಾಗಪುರಕ್ಕೆ ಹೋಗುವ ದಾರಿಯಲ್ಲಿ, ಹಿಂಗನಘಾಟದಲ್ಲಿ ತೀರಿಕೊಂಡ.