ವಿಕ್ಟೋರಿಯಾ ಡಾಕಿನ 66 ಮಂದಿ

ಮುಂಬಯಿಯ ಬೈಕುಲಾದಲ್ಲಿ ಅಗ್ನಿಶಾಮಕ ದಳದ ಕೇಂದ್ರ ಕಚೇರಿಯಿದೆ. ಅಲ್ಲಿನ ಸ್ಮಾರಕಕ್ಕೆ ಪ್ರತಿವರ್ಷ ಏಪ್ರಿಲ್ 14ರಂದು ಪುಷ್ಪಚಕ್ರವಿಟ್ಟು ಗೌರವ ಸಲ್ಲಿಸುತ್ತಾರೆ. 1944ರ ಅದೇ ದಿನ ಬಂದರಿನ ವಿಕ್ಟೋರಿಯಾ ಡಾಕಿನಲ್ಲಿ ಹಡಗಿಗೆ ಬಿದ್ದ ಬೆಂಕಿ ನಂದಿಸಲು ಹೋಗಿ ಪ್ರಾಣ ಕಳೆದುಕೊಂಡ 66 ಸಿಬ್ಬಂದಿಯ ನೆನಪು ಅದು.

ಹಡಗಿನ ಹೆಸರು ಫೋರ್ಟ್ ಸ್ಟಿಕಿನ್. ಎರಡನೇ ಮಹಾಯುದ್ಧದ ಕಾಲ. ಬ್ರಿಟನ್ನಿನಿಂದ ಹೊರಟಾಗ ಅದರ ಒಡಲಲ್ಲಿ ಸುಮಾರು 1,400 ಟನ್ ಸ್ಫೋಟಕ, ಯುದ್ಧವಿಮಾನಗಳು, ಚಿನ್ನದ ಗಟ್ಟಿಗಳಿದ್ದವು. ಕರಾಚಿಯಲ್ಲಿ ಖಾಲಿ ಜಾಗಕ್ಕೆ ಸಾವಿರಾರು ಹತ್ತಿ ಅಂಡಿಗೆಗಳನ್ನೂ ಎಣ್ಣೆಯ ಪೀಪಾಯಿಗಳನ್ನೂ ತುಂಬಿದರು. ಸ್ಫೋಟಕ ಹೊತ್ತ ಹಡಗು ಕೆಂಪು ಬಾವುಟ ಹಾರಿಸಬೇಕೆಂಬ ರೂಢಿಯನ್ನೂ ಪಾಲಿಸಲಿಲ್ಲ.

ಮಧ್ಯಾಹ್ನ ಎರಡರ ಸುಮಾರಿಗೆ ಎರಡನೇ ಸರಕುಕೋಣೆಯಿಂದ ಹೊಗೆ ಎದ್ದಿತು. ಪಂಪುಗಳು ಬಂದವು, ಇನ್ನಷ್ಟು ಬಂದವು. 900 ಟನ್ನಿಗೂ ಹೆಚ್ಚು ನೀರು ಸುರಿದರೂ ಬೆಂಕಿಯ ಮೂಲ ಸಿಗಲಿಲ್ಲ. ಹಾಕಿದ ನೀರೇ ಕುದಿಯತೊಡಗಿತು. ಹಡಗನ್ನು ಅಲ್ಲೇ ಮುಳುಗಿಸುವುದೋ, ಕಡಲಿಗೆ ಎಳೆದೊಯ್ಯುವುದೋ ಎಂಬುದು ಅಧಿಕಾರಿಗಳ ನಡುವೆ ತೀರ್ಮಾನವಾಗಲೇ ಇಲ್ಲ. 3.50ಕ್ಕೆ ಹಡಗು ಬಿಟ್ಟಿಳಿಯಲು ಆದೇಶ ಬಂತು. 4.06ಕ್ಕೆ ಸ್ಫೋಟಗೊಂಡು ಹಡಗು ಎರಡು ಹೋಳಾಯಿತು.

ಸುಮಾರು ಅರ್ಧ ಗಂಟೆಯಲ್ಲಿ ಇನ್ನೊಂದು ಸ್ಫೋಟ. ಸಿಮ್ಲಾದ ಭೂಕಂಪ ಮಾಪಕವೂ ಅದುರನ್ನು ದಾಖಲಿಸಿತು. ಸತ್ತವರು 800ಕ್ಕೂ ಹೆಚ್ಚೆಂದು ಅಂದಾಜು; ಕೂಲಿಕಾರರೂ ನಾವಿಕರೂ ದಾರಿಹೋಕರೂ ಅದರಲ್ಲಿ ಸೇರಿದ್ದಾರೆ. ಚಿನ್ನದ ಗಟ್ಟಿ ಯಾರದೋ ಮನೆಯ ಮಾಡು ಸೀಳಿ ಒಳಗೆ ಬಿದ್ದ ಕಥೆಯನ್ನು ಜನ ಇವತ್ತಿಗೂ ಹೇಳಿಕೊಳ್ಳುತ್ತಾರೆ. ಆ ಚಿನ್ನಕ್ಕೆ ಸಿಕ್ಕ ಪ್ರಚಾರದ ಕಾಲುಭಾಗವೂ ಈ 66 ಮಂದಿಗೆ ಸಿಗಲಿಲ್ಲ ಎಂಬುದು ನೋವಿನ ಮಾತು. ಅವರ ಧೈರ್ಯ ದೊಡ್ಡದು, ನಿಜ. ಆದರೆ ಹತ್ತಿಯನ್ನೂ ಮದ್ದನ್ನೂ ಒಂದೇ ಹಡಗಿಗೆ ಏರಿಸಿದ, ಸಮಯಕ್ಕೆ ನಿರ್ಧಾರ ಕೈಗೊಳ್ಳದ ವ್ಯವಸ್ಥೆಯ ಹೊಣೆಯನ್ನೂ ಪುಷ್ಪಚಕ್ರವಿಡುವ ಹೊತ್ತಿನಲ್ಲಿ ಹೇಳಲೇಬೇಕು.

ಬಲಿದಾನ ಅಲ್ಲಿಗೇ ಮುಗಿಯಲಿಲ್ಲ. ಮುಂಬಯಿಯ ಅದೇ ದಳ 2015ರ ಮೇ ತಿಂಗಳಲ್ಲಿ ಕಾಲಬಾದೇವಿಯ ಹಳೇ ಕಟ್ಟಡವೊಂದರ ಬೆಂಕಿಯಲ್ಲಿ ನಾಲ್ವರು ಹಿರಿಯ ಅಧಿಕಾರಿಗಳನ್ನು ಕಳೆದುಕೊಂಡಿತು. ದಳದ ಮುಖ್ಯಸ್ಥರೂ ಅವರಲ್ಲೊಬ್ಬರು.

ಏಪ್ರಿಲ್ 14ರಿಂದ 20ರವರೆಗೆ ದೇಶದೆಲ್ಲೆಡೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುವುದು 1944ರ ದುರಂತದ ನೆನಪಿಗೇ. ಕರ್ನಾಟಕದ ಠಾಣೆಗಳಲ್ಲೂ ಮೊದಲ ದಿನ ಹುತಾತ್ಮರಿಗೆ ಗೌರವ ಸಲ್ಲುತ್ತದೆ. ಮುಂದಿನ ದಿನಗಳಲ್ಲಿ ಸಿಬ್ಬಂದಿ ಶಾಲೆ, ಆಸ್ಪತ್ರೆ, ಮಾರುಕಟ್ಟೆಗಳಿಗೆ ಹೋಗಿ, ಹೊತ್ತಿಕೊಂಡ ಗ್ಯಾಸ್ ಸಿಲಿಂಡರಿನ ಮೇಲೆ ಒದ್ದೆ ಗೋಣಿಚೀಲ ಹೇಗೆ ಹೊದಿಸಬೇಕೆಂದು ತೋರಿಸಿಕೊಡುತ್ತಾರೆ.