ದವಡೆ ತಿಂದ ಬೆಂಕಿಕಡ್ಡಿ

ಗೋಡೆಗೆ ಗೀರಲಿ, ಬೂಟಿನ ಅಡಿಗೆ ಗೀರಲಿ, ಕಡ್ಡಿ ಹೊತ್ತಿಕೊಳ್ಳಬೇಕು. ಹತ್ತೊಂಬತ್ತನೇ ಶತಮಾನದ ಯುರೋಪಿನ ಗಿರಾಕಿಗಳು ಕೇಳುತ್ತಿದ್ದುದು ಇಷ್ಟೇ. 1830ರ ದಶಕದಿಂದ ಆ ಗುಣವನ್ನು ಕೊಟ್ಟದ್ದು ಬಿಳಿ ರಂಜಕ. ಅದರ ಆವಿ ತುಂಬಿದ ಕಾರ್ಖಾನೆಯಲ್ಲಿ ದುಡಿದವರಿಗೆ ಮೊದಲು ಹಲ್ಲುನೋವು, ಆಮೇಲೆ ಕೀವು, ಕೊನೆಗೆ ದವಡೆಯ ಮೂಳೆಯೇ ಕೊಳೆಯುತ್ತಿತ್ತು. ಸತ್ತ ಮೂಳೆಯನ್ನು ಕತ್ತರಿಸಿ ತೆಗೆಯುವುದು ಬಿಟ್ಟರೆ ಬೇರೆ ದಾರಿಯಿರಲಿಲ್ಲ. ಕೆಲಸ ಹೋದೀತೆಂದು ಎಷ್ಟೋ ಮಂದಿ ನೋವನ್ನು ಬಚ್ಚಿಟ್ಟರು.

ವಿಯೆನ್ನಾದ ವೈದ್ಯ ಲೊರಿನ್ಸರ್ 1845ರಲ್ಲೇ ಈ ರೋಗವನ್ನು ವಿವರಿಸಿದ್ದ. ಅದೇ ಊರಿನಲ್ಲಿ, ಅದೇ ದಶಕದಲ್ಲಿ, ರಸಾಯನಶಾಸ್ತ್ರಜ್ಞ ಶ್ರೋಟರ್ ಕೆಂಪು ರಂಜಕವನ್ನು ತಯಾರಿಸಿದ. ಅದಕ್ಕೆ ಈ ವಿಷಗುಣವಿಲ್ಲ. ಸ್ವೀಡನ್ನಿನವರು ಅದನ್ನು ಪೆಟ್ಟಿಗೆಯ ಪಕ್ಕಕ್ಕೆ ಬಳಿದರು. ನಮ್ಮ ಅಡುಗೆಮನೆಯಲ್ಲಿರುವುದು ಆ ವಂಶದ್ದೇ. ರೋಗ ಗೊತ್ತಾಗಿತ್ತು, ಪರಿಹಾರವೂ ಕೈಯಲ್ಲಿತ್ತು. ಆದರೆ ಈ ಕಡ್ಡಿಗೆ ದರ ಹೆಚ್ಚು, ಪೆಟ್ಟಿಗೆ ಜೊತೆಗಿಲ್ಲದೆ ಹೊತ್ತದು. ಗಿರಾಕಿ ಒಪ್ಪಲಿಲ್ಲ.

1888ರ ಜೂನ್‌ನಲ್ಲಿ ಲಂಡನ್ನಿನ ಬ್ರಯಂಟ್ ಅಂಡ್ ಮೇ ಕಾರ್ಖಾನೆಯ ಹುಡುಗಿಯರ ಪಾಡನ್ನು ಆನಿ ಬೆಸೆಂಟ್ ಪತ್ರಿಕೆಯಲ್ಲಿ ಬರೆದರು. ಹೌದು, 1917ರಲ್ಲಿ ಕಾಂಗ್ರೆಸ್ ಅಧ್ಯಕ್ಷೆಯಾದ ಬೆಸೆಂಟರೇ. ಜುಲೈನಲ್ಲಿ ಸುಮಾರು 1,400 ಹೆಂಗಸರು, ಹುಡುಗಿಯರು ಕೆಲಸ ಬಿಟ್ಟು ಹೊರಬಂದು ಗೆದ್ದರು. ಮಾತಾಡಿದ್ದಕ್ಕೆ, ಕಾಲು ಕೊಳೆಯಾಗಿದ್ದಕ್ಕೆ ಹಾಕುತ್ತಿದ್ದ ದಂಡ ರದ್ದಾಯಿತು. ಈ ಮುಷ್ಕರದಿಂದಲೇ ವಿಷ ತೊಲಗಿತೆಂದು ಹೇಳುವುದುಂಟು. ಅದು ನಿಜವಲ್ಲ. ಅಲ್ಲಿ ಬಿಳಿ ರಂಜಕ ಇನ್ನೂ ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ನಡೆಯಿತು. ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾಸಂಸ್ಥೆ 1891ರಲ್ಲಿ ಕೆಂಪು ರಂಜಕದ ಕಾರ್ಖಾನೆ ತೆರೆದು, ಹೆಚ್ಚು ಕೂಲಿಯನ್ನೂ ಕೊಟ್ಟಿತು. ಆ ಕಡ್ಡಿ ದುಬಾರಿಯಾಯಿತು, ಕಾರ್ಖಾನೆ ಬಹುಕಾಲ ಬಾಳಲಿಲ್ಲ.

ಗಂಟು ಬಿಚ್ಚಿದ್ದು 1898ರಲ್ಲಿ. ಫ್ರಾನ್ಸಿನ ಸೆವೆನ್ ಮತ್ತು ಕಾಹೆನ್ ರಂಜಕ, ಗಂಧಕ ಸೇರಿದ ಸಂಯುಕ್ತವೊಂದನ್ನು ಬಳಸಿ, ದವಡೆಗೆ ಕುತ್ತು ತಾರದೆ ಎಲ್ಲಿ ಗೀರಿದರೂ ಹೊತ್ತುವ ಕಡ್ಡಿ ಮಾಡಿದರು. ಇನ್ನು ಉಳಿದದ್ದು ಪೈಪೋಟಿಯ ಭಯ: ನಾವೊಬ್ಬರೇ ನಿಷೇಧಿಸಿದರೆ ಪಕ್ಕದ ದೇಶ ಅಗ್ಗದ ಮಾಲು ತಂದು ಸುರಿಯುತ್ತದೆ. ಅದಕ್ಕೇ 1906ರ ಬರ್ನ್ ಒಪ್ಪಂದ ತಯಾರಿಕೆಯ ಜೊತೆಗೆ ಆಮದು, ಮಾರಾಟವನ್ನೂ ನಿಷೇಧಿಸಿತು. ಬ್ರಿಟನ್ 1908ರಲ್ಲಿ ಕಾಯ್ದೆ ಮಾಡಿತು, ಭಾರತದಲ್ಲಿ ಅದು ಬಂದದ್ದು 1913ರಲ್ಲಿ.

ಗಿರಾಕಿಗೂ ಮಾಲೀಕನಿಗೂ ನಷ್ಟವಿಲ್ಲವೆಂದು ಖಾತ್ರಿಯಾದ ಮೇಲಷ್ಟೇ ದೊಡ್ಡ ದೇಶಗಳಿಗೆ ಕಾರ್ಮಿಕರ ದವಡೆ ನೆನಪಾಯಿತು. ಅಷ್ಟು ಕಾಯಲೇಬೇಕಿತ್ತೆಂಬ ಮಾತು ನಿಲ್ಲುವುದಿಲ್ಲ. ಫಿನ್ಲೆಂಡ್ 1872ರಲ್ಲಿ, ಡೆನ್ಮಾರ್ಕ್ 1874ರಲ್ಲಿ ಯಾರನ್ನೂ ಕಾಯದೆ ಬಿಳಿ ರಂಜಕದ ಕಡ್ಡಿಯನ್ನು ನಿಷೇಧಿಸಿದ್ದವು.