ಏಣಿ ದೊಡ್ಡವರದು, ಹತ್ತುವ ಕಾಲು ಮಗುವಿನದು

"ಶಾಲೆಗೆ ಹೋದರೆ ಬರೀ ಹಾಡು, ಆಟ, ಕಾರ್ಡು. ಪಾಠ ಯಾವಾಗ ಮಾಡುತ್ತಾರೋ?" ಸರಕಾರಿ ಶಾಲೆಯ ನಲಿಕಲಿ ತರಗತಿಗೆ ಮಕ್ಕಳನ್ನು ಕಳುಹಿಸಿದ ತಾಯಂದಿರಲ್ಲಿ ಅನೇಕರು ಆಡಿದ ಮಾತಿದು. ಟೀಚರ್ ಹಲಗೆಯ ಮುಂದೆ ನಿಂತು ಹೇಳಬೇಕು, ಮಕ್ಕಳು ಕೈಕಟ್ಟಿ ಕೇಳಬೇಕು, ಮರುದಿನ ಬಾಯಿಪಾಠ ಒಪ್ಪಿಸಬೇಕು. ನಮ್ಮಲ್ಲಿ ಹೆಚ್ಚಿನವರು ಕಲಿತದ್ದು ಹಾಗೆಯೇ. ಆದ್ದರಿಂದ ಮಗು ತನ್ನ ಪಾಠವನ್ನು ತಾನೇ ಎತ್ತಿಕೊಂಡು ಕಲಿಯುವ ತರಗತಿ ನಮಗೆ ಸಂತೆಯಂತೆ ಕಾಣುವುದು ಸಹಜ. ಆದರೆ ಆ ಗದ್ದಲದೊಳಗೆ ಒಂದು ಕ್ರಮವಿದೆ.

ಕೋಟೆಯಲ್ಲಿ ಆರಂಭ

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಈ ಪದ್ಧತಿ ಆರಂಭವಾಯಿತು. ಆಂಧ್ರಪ್ರದೇಶದ ರಿಷಿ ವ್ಯಾಲಿ ಸಂಸ್ಥೆಯು ಸುತ್ತಲಿನ ಹಳ್ಳಿಗಳಲ್ಲಿ ನಡೆಸುತ್ತಿದ್ದ ಪುಟ್ಟ ಶಾಲೆಗಳನ್ನು ನೋಡಿ ಬಂದ ಸರಕಾರಿ ಶಿಕ್ಷಕರು ಯುನಿಸೆಫ್‌ನ ನೆರವಿನೊಂದಿಗೆ ಅದನ್ನು ನಮ್ಮ ಮಕ್ಕಳಿಗೆ ಒಗ್ಗಿಸಿದರು. 2009-10ರಲ್ಲಿ ರಾಜ್ಯದಾದ್ಯಂತ ಸರಕಾರಿ ಕನ್ನಡ ಶಾಲೆಗಳ 1 ಮತ್ತು 2ನೇ ತರಗತಿಗಳಿಗೆ ಇದನ್ನು ವಿಸ್ತರಿಸಲಾಯಿತು.

ಇದರಲ್ಲಿ ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು 'ಕಲಿಕಾ ಏಣಿ'ಯಾಗಿ ಗೋಡೆಗೆ ತೂಗು ಹಾಕುತ್ತಾರೆ. ಪ್ರತಿ ಮೆಟ್ಟಿಲಿಗೂ ಒಂದು ಚಿತ್ರ, ಅದೇ ಚಿತ್ರವಿರುವ ಒಂದು ಕಾರ್ಡು. ಮಗು ತಾನಿರುವ ಮೆಟ್ಟಿಲನ್ನು ತಾನೇ ಗುರುತಿಸಿ, ಕಾರ್ಡು ಹುಡುಕಿ, ತನ್ನ ಗುಂಪಿನಲ್ಲಿ ಹೋಗಿ ಕುಳಿತುಕೊಳ್ಳುತ್ತದೆ. ಗುಂಪುಗಳು ಐದು. ಮೊದಲನೆಯದರಲ್ಲಿ ಟೀಚರ್‌ನ ಪೂರ್ಣ ನೆರವು, ಎರಡನೆಯದರಲ್ಲಿ ಅಲ್ಪ ನೆರವು. ಮುಂದಿನ ಎರಡರಲ್ಲಿ ಸಹಪಾಠಿಗಳ ನೆರವು. ಕೊನೆಯದರಲ್ಲಿ ಮಗು ತಾನೊಬ್ಬನೇ ಕಲಿಯುತ್ತದೆ. ಮಕ್ಕಳ ಕೈಗೆಟಕುವ ಎತ್ತರದಲ್ಲಿ ಗೋಡೆ ಹಲಗೆ, ಮೇಲೆ ಅವರ ಚಿತ್ರಗಳನ್ನು ನೇತುಹಾಕುವ ಚಪ್ಪರ.

ಜ್ವರ ಬಂದು ವಾರವಿಡೀ ಮಲಗಿದ ಮಗುವಿಗೆ, ತಾಯಿಯೊಂದಿಗೆ ಕೆಲಸದ ಊರಿಗೆ ಹೋಗಿ ಬಂದ ಮಗುವಿಗೆ ಇದರಿಂದಾಗುವ ಉಪಕಾರ ದೊಡ್ಡದು. ತರಗತಿ ಅದನ್ನು ಬಿಟ್ಟು ಮುಂದೆ ಓಡಿರುವುದಿಲ್ಲ. ನಿಂತ ಮೆಟ್ಟಿಲಿನಿಂದಲೇ ಅದು ಮುಂದುವರಿಯುತ್ತದೆ. ಇಲ್ಲಿ ಸ್ವಾತಂತ್ರ್ಯವೆಂದರೆ ಮನಬಂದಂತೆ ಇರುವುದಲ್ಲ. ಏಣಿಯನ್ನು ನಿಲ್ಲಿಸುವವರು ದೊಡ್ಡವರು, ಹತ್ತುವ ವೇಗ ಮಾತ್ರ ಮಗುವಿನದು.

ಕೊರತೆಗಳೂ ಇವೆ. ಎರಡು ಮೂರು ತರಗತಿಯ ಮಕ್ಕಳನ್ನು ಒಬ್ಬರೇ ಟೀಚರ್ ನೋಡಿಕೊಳ್ಳುವಲ್ಲಿ, ಕಾರ್ಡುಗಳು ಹರಿದುಹೋದಲ್ಲಿ, ಸ್ವಕಲಿಕೆಯೆಂಬುದು ಮಕ್ಕಳನ್ನು ಅವರ ಪಾಡಿಗೆ ಬಿಡುವುದಾಗಿಬಿಡುತ್ತದೆ. ಅದನ್ನು ಪ್ರಶ್ನಿಸುವ ಅಧಿಕಾರ ತಾಯಂದಿರಿಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯು ಮಗುವಿಗೆ ಭಯಮುಕ್ತವಾದ, ಚಟುವಟಿಕೆಯಿಂದ ಕೂಡಿದ ಕಲಿಕೆ ಸಿಗಬೇಕೆನ್ನುತ್ತದೆ. ಸರಕಾರಿ ಶಾಲೆಯ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಹೆತ್ತವರು ಅಥವಾ ಪೋಷಕರಾಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂದೂ ಅದು ಹೇಳುತ್ತದೆ. ಹೆಸರಿಗೆ ಸದಸ್ಯೆಯಾಗಿ ಸಹಿ ಹಾಕಿ ಬರುವ ಬದಲು, ಸಭೆಯಲ್ಲಿ ಕಾರ್ಡುಗಳ ಬಗ್ಗೆ, ಟೀಚರ್‌ಗಳ ಸಂಖ್ಯೆಯ ಬಗ್ಗೆ ಕೇಳಬಹುದಲ್ಲವೇ?

ಬಾಲಕನಲ್ಲಿ ಅನುಮತಿ ಕೇಳಿದ ಪ್ರವಾದಿ

ಮಕ್ಕಳ ಆಯ್ಕೆಗೆ ಬೆಲೆ ಕೊಡುವುದು ನಮಗೆ ಹೊರಗಿನಿಂದ ಬಂದ ವಿಚಾರವಲ್ಲ. ಒಮ್ಮೆ ಪ್ರವಾದಿ ಮುಹಮ್ಮದ್(ಸ)ರಿಗೆ ಪಾನೀಯವನ್ನು ತಂದುಕೊಡಲಾಯಿತು. ಅವರ ಬಲಗಡೆಯಲ್ಲೊಬ್ಬ ಬಾಲಕ, ಎಡಗಡೆಯಲ್ಲಿ ಹಿರಿಯರು. ಬಲಗಡೆಯವರ ಸರದಿ ಮೊದಲು. ಹಿರಿಯರಿಗೆ ಮೊದಲು ಕೊಡಲೇ ಎಂದು ಅವರು ಆ ಬಾಲಕನ ಅನುಮತಿ ಕೇಳಿದರು. ನಿಮ್ಮಿಂದ ಸಿಗುವ ನನ್ನ ಪಾಲನ್ನು ಬಿಟ್ಟುಕೊಡಲಾರೆ ಎಂದ ಬಾಲಕ. ಪ್ರವಾದಿ(ಸ) ಅವನನ್ನು ಗದರಿಸಲಿಲ್ಲ, ಪಾತ್ರೆಯನ್ನು ಅವನ ಕೈಗೇ ಕೊಟ್ಟರು. ಕೇಳಿದ ಮೇಲೆ ಉತ್ತರವನ್ನು ಗೌರವಿಸಬೇಕೆಂಬ ಪಾಠ ಇದರಲ್ಲಿದೆ.

ಇನ್ನೊಮ್ಮೆ ಅವರು ಸಂಗಾತಿಗಳಿಗೆ ಒಂದು ಒಗಟು ಒಡ್ಡಿದರು: ಸತ್ಯವಿಶ್ವಾಸಿಯನ್ನು ಹೋಲುವ, ಎಲೆ ಉದುರದ ಮರ ಯಾವುದು? ಅದು ಖರ್ಜೂರದ ಮರವೆಂದು ಇಬ್ನು ಉಮರ್(ರ)ರಿಗೆ ಹೊಳೆದಿತ್ತು. ಹಿರಿಯರ ಮುಂದೆ ಸಂಕೋಚಪಟ್ಟು ಸುಮ್ಮನಿದ್ದರು. ಅದನ್ನು ತಿಳಿದ ತಂದೆ ಉಮರ್(ರ), ನೀನು ಹೇಳಿದ್ದರೆ ನನಗೆಷ್ಟೋ ಸಂತೋಷವಾಗುತ್ತಿತ್ತು ಎಂದರು. ದೊಡ್ಡವರ ನಡುವೆ ಬಾಯಿ ಹಾಕಬೇಡ ಎಂದು ಅವರು ಹೇಳಲಿಲ್ಲ.

ಮನೆಯೂ ತರಗತಿಯೇ

ಯಾವ ವಿಷಯದ ಮನೆಪಾಠ ಮೊದಲು ಮಾಡಬೇಕೆಂದು ಮಗುವೇ ಹೇಳಲಿ. ಲೆಕ್ಕ ತಪ್ಪಿದಾಗ ಕೂಡಲೇ ತಿದ್ದದೆ, ಎಲ್ಲಿ ತಪ್ಪಿತೆಂದು ಹುಡುಕಲು ಅದಕ್ಕೆ ಸ್ವಲ್ಪ ಹೊತ್ತು ಕೊಡಿ. ತಮ್ಮನಿಗೆ ಅಕ್ಕ ಅಕ್ಷರ ಕಲಿಸಲಿ, ಹೇಳಿಕೊಡುವವಳಿಗೇ ಹೆಚ್ಚು ನೆನಪುಳಿಯುತ್ತದೆ. ಆದರೆ ನಮಾಝ್, ಊಟ, ನಿದ್ರೆಗಳ ಸಮಯ ನೀವು ಹಾಕಿದ್ದೇ ಇರಲಿ. ಎಲ್ಲವನ್ನೂ ಮಗುವಿನ ಇಷ್ಟಕ್ಕೆ ಬಿಟ್ಟರೆ ಅದಕ್ಕೂ ದಿಕ್ಕು ತೋಚದು.

ಈ ವಿಷಯದಲ್ಲಿ ಹೆಣ್ಣುಮಕ್ಕಳ ಬಗ್ಗೆ ವಿಶೇಷವಾಗಿ ಯೋಚಿಸಬೇಕಾಗಿದೆ. ಎಸ್ಸೆಸ್ಸೆಲ್ಸಿ ಮುಗಿದಾಗ 'ಮುಂದೇನು ಓದುತ್ತೀ?' ಎಂದು ಮಗನನ್ನು ಕೇಳುವ ಎಷ್ಟೋ ಮನೆಗಳಲ್ಲಿ ಮಗಳ ಕಾಲೇಜು, ವಿಷಯ ಎಲ್ಲವೂ ಅವಳಿಲ್ಲದಾಗಲೇ ನಿರ್ಧಾರವಾಗಿರುತ್ತದೆ. ಕೆಲವು ಕಡೆ ಓದು ನಿಲ್ಲಿಸುವ ನಿರ್ಧಾರವೂ ಹಾಗೆಯೇ. ಇಸ್ಲಾಮ್ ನಿಕಾಹ್‌ನಂತಹ ದೊಡ್ಡ ವಿಷಯದಲ್ಲಿ ಹೆಣ್ಣಿನ ಒಪ್ಪಿಗೆ ಪಡೆಯಬೇಕೆನ್ನುತ್ತದೆ. ಅಂದು ಅವಳು ಯೋಚಿಸಿ, ಧೈರ್ಯದಿಂದ ಉತ್ತರಿಸಬೇಕಾದರೆ ಕೇಳಿಸಿಕೊಳ್ಳುವ ಅಭ್ಯಾಸ ನಮ್ಮಲ್ಲಿ, ಹೇಳುವ ಅಭ್ಯಾಸ ಅವಳಲ್ಲಿ ಅದಕ್ಕೆ ಮುಂಚೆಯೇ ಬೆಳೆದಿರಬೇಕು. ಏಳರ ಹರೆಯದಲ್ಲಿ ತನ್ನ ಕಾರ್ಡನ್ನು ತಾನೇ ಹುಡುಕಿ ತಂದ ಹುಡುಗಿಗೆ ಅದು ಕಷ್ಟವಾಗದು.